ಉಡಿ ತುಂಬುವಾಗ ಅಪ್ಪ ಆಡಿದ ಮಾತು

ಉಪ್ಪಲ್, ಬುಧವಾರ

ನನ್ನ ಹಟಮಾರಿ ಅಪ್ಪಾ,

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಪತ್ರ. ಮದುವೆಯಾಗಿ ನಲವತ್ತು ದಿನ. ಹೇಮಂತನ ಜೊತೆ ಮೆಟ್ರೋದಲ್ಲಿ ನಿಂತುಕೊಂಡು ಆಫೀಸಿಗೆ ಹೋಗುವುದೂ ನನಗೆ ಹಬ್ಬವೇ. ಅಂಥ ಖುಷಿಗೆ ತಣ್ಣೀರೆರಚಿಬಿಟ್ಟಿರಿ.

ನಿನ್ನೆ ಅತ್ತೆ ನನ್ನ ಉಡಿ ತುಂಬಲು ಅಕ್ಕಿ, ಕೊಬ್ಬರಿ ಹಿಡಿದು ನಿಂತಿದ್ದರು. ಅಷ್ಟು ಹೆಂಗಸರ ಮುಂದೆ ನೀವು, "ಬ್ಯಾಡ್ರಿ, ಆಕಿಗೆ ಮಕ್ಕಳ ಆಶಾ ಹಚ್ಚಬ್ಯಾಡ್ರಿ" ಅಂದಿರಲ್ಲ, ಯಾವ ಡಾಕ್ಟರ್ ನಿಮಗೆ ಹಾಗೆ ಹೇಳಿದರು? ಪಾಪ ಅತ್ತೆ, "ಬೀಗರು ಭಾಳ ಅಂಜ್ಯಾರ, ಇರ್ಲಿ ಬಿಡವ್ವಾ" ಎಂದು ತಟ್ಟೆ ಒಳಗಿಟ್ಟರು.

ಪಿತ್ತನಾಳ ಸರಿಯಿಲ್ಲದೆ ಹುಟ್ಟಿದ ನನಗೆ ಹನ್ನೊಂದನೇ ತಿಂಗಳಲ್ಲಿ ನಿಮ್ಮ ಲಿವರಿನ ತುಂಡು ಕೊಟ್ಟಿರಿ. ಅದು ಇಪ್ಪತ್ತನಾಲ್ಕು ವರ್ಷದಿಂದ ಚೆನ್ನಾಗಿದೆ. ನಿಮಗೆ ಮಾತ್ರ ನಾನು ಇನ್ನೂ ಆ ಕೂಸೇ.

ಶುಕ್ರವಾರ ಹನ್ನೊಂದಕ್ಕೆ ಲಿವರ್ ಡಾಕ್ಟರನ್ನು ನೋಡಬೇಕು. ನಾನು ಮಗು ಹೆರಬಹುದೇ ಎಂದು ನೇರವಾಗಿ ಕೇಳೋಣ. ಹೇಮಂತ ರಜೆ ಹಾಕಿದ್ದಾನೆ, ಆದರೂ ನೀವು ಬರಲೇಬೇಕು. ಕಳೆದ ಸಲ ಚೆಕಪ್ಪಿಗೆ ಒಬ್ಬಳೇ ಹೋದಾಗ ಆ ಪ್ರಶ್ನೆ ನನ್ನ ಬಾಯಿಂದಲೂ ಹೊರಡಲಿಲ್ಲ.

ಸಿಟ್ಟಿನ್ನೂ ಇಳಿಯದ
ಪ್ರಾಜಕ್ತಾ