ಪಟ್ಟಿಯ ನಾಲ್ಕನೇ ಹೆಸರು

ಮಾರ್ಚ್ ೨೨, ೧೯೩೬. ಭಾನುವಾರ

ಆರಾಧನೆಗೆ ಹದಿನಾಲ್ಕು ಜನ. ಗಂಟೆಯ ಹಗ್ಗ ಮತ್ತೆ ಕಿತ್ತುಹೋಯ್ತು. ದೀಕ್ಷಾಸ್ನಾನಕ್ಕೆ ಐದು ಹೆಸರು ಬರೆದು ಹುಣಸೂರಿಗೆ, ಪಾದ್ರಿಯವರಿಗೆ, ಟಪಾಲಿಗೆ ಹಾಕಿದೆ. ಈಸ್ಟರ್ ದಿನ ಅವರೇ ಬಂದು ಕೊಡ್ತಾರೆ. ನನ್ನಂಥ ಉಪದೇಶಿಯದು ಪಾಠ ಹೇಳೋ ಕೆಲಸ ಮಾತ್ರ.

ನಾಲ್ಕನೇದು ಚಾಮಿ, ಎಂಟು ವರ್ಷ. ಐದನೇದು ಅವಳ ತಾಯಿ ಮಾಯಮ್ಮ. ಗಂಡ ಸತ್ತ ಮೇಲೆ ಸಭೆಗೆ ಬರೋಕೆ ಶುರು ಮಾಡಿದವಳು. ಹೊಸ ಹೆಸರು ಚಾಮಿ ತಾನೇ ಆರಿಸ್ಕೊಂಡಳು — ಸಲೋಮೆ. ಯಾಕೆ ಅಂದೆ. "ಬೆಳಗಾಗೆ ಯೇಸುಸ್ವಾಮಿ ಸಮಾಧಿ ತಾವ್ಕೆ ಹೋಗಿದ್ದೋರಲ್ಲಿ ಅವ್ಳೂ ಇದ್ಲು ಅಂದ್ರಲ್ಲ. ನಾನೂ ಬೇಗ ಏಳ್ತೀನಿ ಕಣ್ರೀ." ಉಪದೇಶಿಗೇ 'ಕಣ್ರೀ'. ಬೈಯೋಕೆ ಹೋದೆ, ನಗು ಬಂತು.

ಮಾರ್ಚ್ ೩೧

ಚಾಮಿಗೆ ಚಳಿಜ್ವರ. ಕ್ವಿನೈನ್ ಕೊಟ್ಟು ಬಂದೆ. ನನ್ನ ಹೆಂಡತಿ ಸುನಂದ ಅವಳಿಗೆ ಬಿಳಿ ಲಂಗ ಹೊಲೀತಿದ್ದಾಳೆ, ನನ್ನ ಪಂಚೆ ಹರಿದು. ಕೇಳಿದ್ರೆ, "ನಿಮಗೆ ಇನ್ನೊಂದಿದೆಯಲ್ಲ."

ಏಪ್ರಿಲ್ ೪. ಮಧ್ಯಾಹ್ನ

ಮಾಯಮ್ಮ ಓಡಿ ಬಂದಳು. ಮಗು ಕಣ್ಣು ಬಿಡ್ತಿಲ್ಲ. ಹೋದೆ. "ನೀವೇ ನೀರಾಕಿ ಹೆಸರಿಟ್ಬುಡಿ, ಉಪದೇಶಿಗಳೇ." ಬಟ್ಟಲು ಕೈಗೆ ಕೊಟ್ಟಳು.

ಪ್ರಾಣ ಹೋಗೋ ಹೊತ್ತಲ್ಲಿ ಯಾರು ಬೇಕಾದ್ರೂ ದೀಕ್ಷಾಸ್ನಾನ ಕೊಡಬಹುದು. ನನಗೆ ಗೊತ್ತು. ಆದ್ರೆ ಹೋದ ವರ್ಷ ಒಂದು ಮಗುವಿಗೆ ಹಾಗೆ ಕೊಟ್ಟೆ, ಅದು ಬದುಕ್ತು. ಆತುರಗಾರ ಅಂತ ಪಾದ್ರಿಯವರು ಎಲ್ಲರ ಮುಂದೆ ಅಂದ್ರು. ಅದು ಮನಸ್ಸಲ್ಲಿತ್ತು... "ಇನ್ನೆಂಟು ದಿನ ಮಾಯಮ್ಮ. ಈಸ್ಟರ್ ಬಂದೇ ಬಿಡ್ತು" ಅಂದೆ. ಬಟ್ಟಲು ಕೆಳಗಿಟ್ಟೆ.

ಏಪ್ರಿಲ್ ೫

ಹೊತ್ತು ಹುಟ್ಟೋಕೆ ಮುಂಚೆ ಹೋಗ್ಬಿಟ್ಟಳು.

ಏಪ್ರಿಲ್ ೯

ಬರೆಯೋಕೆ ಆಗಲಿಲ್ಲ. ದೀಕ್ಷಾಸ್ನಾನ ಆಗದವರಿಗೆ ನಮ್ಮ ಸಮಾಧಿ ತೋಟದಲ್ಲಿ ಜಾಗ ಇಲ್ಲ ಅಂದ್ರು ಸಭೆಯ ಹಿರಿಯರು. ನಾನು ಬಾಯಿ ಬಿಡಲಿಲ್ಲ. ಮಾಯಮ್ಮನ ಭಾವ ನಿಂಗಯ್ಯ ತನ್ನ ಹೊಲದ ಬದುವಿನಲ್ಲಿ ಮಣ್ಣು ಮಾಡಿದ. ಅದಕ್ಕೆ ಮುಂಚೆ ಸುನಂದ ಹೋಗಿ ಆ ಬಿಳಿ ಲಂಗ ತೊಡಿಸಿ ಬಂದಳು. ಈಗ ನನಗೆ ಬಡಿಸ್ತಾಳೆ, ಎದ್ದು ಹೋಗ್ತಾಳೆ.

ಏಪ್ರಿಲ್ ೧೨. ಈಸ್ಟರ್

ನಸುಕಿನಲ್ಲೇ ಎಲ್ಲರೂ ಸಮಾಧಿ ತೋಟಕ್ಕೆ. ಸುಣ್ಣ ಬಳಿದ ಗೋರಿಗಳು. ಅವರವರ ಗೋರಿಗೆ ಅವರವರು ಮೇಣದಬತ್ತಿ, ಕಣಗಿಲೆ ಹೂ. ಮಾಯಮ್ಮ ಬೇಲಿ ಹೊರಗೆ ನಿಂತಿದ್ದಳು, ಕೈಯಲ್ಲಿ ಬತ್ತಿ. ಹಚ್ಚೋಕೆ ಗೋರಿ ಎಲ್ಲಿ.

ಆರಾಧನೆಯಲ್ಲಿ ಪಾದ್ರಿಯವರು ಪಟ್ಟಿ ಓದಿದ್ರು. ನಾಲ್ಕನೇ ಹೆಸರು ತೆಗೀರಿ ಅಂತ ನಾನು ಹೇಳಿರಲಿಲ್ಲ. ಯಾಕೆ ಅಂತ ಕೇಳ್ತಾರೆ, ಅದಕ್ಕೆ. "ಸಲೋಮೆ. ಮಾಯಮ್ಮನ ಮಗಳು." ಮಾಯಮ್ಮ ಎದ್ದಳು. "ಅವ್ಳು ಹೊಲದ ಬದುವ್ನಾಗವ್ಳೆ ಸ್ವಾಮಿ." ಪಾದ್ರಿಯವರು ನನ್ನ ಕಡೆ ನೋಡಿದ್ರು. ನಾನು ನೆಲ ನೋಡಿದೆ.

ಆಮೇಲೆ ಐದನೇದು, ಮಾಯಮ್ಮನ ಹೆಸರು ಕರೆದ್ರು. "ನನ್ ಮಗೀಗಿಲ್ದಿದ್ದು ನಂಗೂ ಬ್ಯಾಡ ಬುಡಿ." ಹೊರಟುಹೋದಳು.

ಪಾದ್ರಿಯವರು ಬೈಯಲಿಲ್ಲ. ಬೈದಿದ್ರೆ ವಾಸಿಯಿತ್ತು.

ಏಪ್ರಿಲ್ ೧೩

ಬೆಳಿಗ್ಗೆ ಹೊಲಕ್ಕೆ ಹೋದೆ. ಮಾಯಮ್ಮ ನನಗಿಂತ ಮುಂಚೇನೇ ಬಂದು ಕೂತಿದ್ದಳು. ಅದೇ ಬಟ್ಟಲು. ಮಣ್ಣಿನ ಮೇಲೆ ನೀರು ಚಿಮುಕಿಸ್ತಾ, ಸಲೋಮೆ, ಸಲೋಮೆ ಅಂತಿದ್ದಳು. ನನ್ನ ನೋಡಿ ಬಟ್ಟಲು ಚಾಚಿದಳು. "ಈಗಾದ್ರೂ ನೀರಾಕಿ, ಉಪದೇಶಿಗಳೇ."

ಸತ್ತವರಿಗೆ ಕೊಡೋ ಹಾಗಿಲ್ಲ. ಇದೂ ನನಗೆ ಗೊತ್ತು. ಬಟ್ಟಲು ತಗೊಂಡೆ. ತಂದೆಯ, ಮಗನ ಅಂತ ಶುರು ಮಾಡಿದೆ. ಬಟ್ಟಲು ಮಣ್ಣಿನ ಮೇಲೆ ಬಗ್ಗಿಸಿದೆ. ಮಗೂ, ನಿನ್ನ ಹಣೆ ಮೇಲೆ ಬೀಳಬೇಕಾಗಿದ್ದ ನೀರು, ನಾನು —