ಮೊದಲು ಆಸರಿಗೆ, ಆಮೇಲೆ ಪ್ರಶ್ನೆ

ಶಿರಸಿ
೧೦ ಮಾರ್ಚ್ ೨೦೨೫

ಪ್ರೀತಿಯ ಪರಿಮಳತ್ತಿಗೆಗೆ,

ನಿನ್ನ ನಾದಿನಿ ನಮಿತಾ ಮಾಡುವ ನಮಸ್ಕಾರಗಳು. ಶಿವರಾತ್ರಿ ಮುಗಿದ ಕೂಡಲೇ ಉತ್ತರ ಕೊಡುತ್ತೇನೆ ಅಂದವಳು ಇವತ್ತು ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಆಮೇಲೆ ಓದು. ಫೋನು ಮಾಡಬಹುದಿತ್ತು, ನಿಜ. ಆದರೆ ನೀನು "ಎಂತದೇ ಕೂಸೆ, ನಿಂಗೆ ದಣಿವಾಜಿಲ್ಯ? ಆನು ಬಂದು ಒಂದು ತಿಂಗಳು ಇರ್ತೆ. ಭಾವನ್ನ ನೋಡ್ಕತ್ತೆ, ನೀನು ಸುಮ್ನೆ ಮನಿಕ್ಯಂಡಿರು" ಅನ್ನುತ್ತೀಯ. ನಾನು ಯೋಚಿಸುವ ಮೊದಲೇ ನನ್ನ ಬಾಯಿ "ಇಲ್ಲೆ ಇಲ್ಲೆ" ಅಂದುಬಿಡುತ್ತದೆ. ಅದಕ್ಕೇ ಈ ಸಲ ಕೂತು, ಯೋಚಿಸಿ, ನೀನು ಬರಬೇಕೋ ಬೇಡವೋ ಎಂಬುದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲ ಕ್ಷೇಮ. ಇವರ ಮರೆವು ಹಾಗೇ ಇದೆ. ಬೆಳಿಗ್ಗೆ ಹಲ್ಲುಜ್ಜಿದ್ದು ಮರೆತು ಮತ್ತೆ ಉಜ್ಜುತ್ತಾರೆ, ಹಲ್ಲು ಮಾತ್ರ ಫಳಫಳ ಹೊಳೆಯುತ್ತಿದೆ. ಚಿಲಕ ತೆಗೆದು ರಸ್ತೆಗೆ ಹೊರಟುಬಿಡುತ್ತಾರೆ ಅಂತ ಬಾಗಿಲ ನೆತ್ತಿಯಲ್ಲಿ ಇನ್ನೊಂದು ಚಿಲಕ ಹಾಕಿಸಿದ್ದೇನೆ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ ಮನುಷ್ಯ ಈಗ ನನ್ನ ಹತ್ತಿರ ಇವತ್ತು ಯಾವ ವಾರ ಅಂತ ಕೇಳುತ್ತಾರೆ. ಬೇಜಾರಿಲ್ಲ, ಹೇಳುತ್ತೇನೆ.

ಇನ್ನೊಂದು ಸುದ್ದಿ. ಮೊನ್ನೆ ಶನಿವಾರ ನನ್ನ ವಿದ್ಯಾರ್ಥಿಗಳೆಲ್ಲ ಸೇರಿ ಇಲ್ಲಿ ನನಗೊಂದು ಸನ್ಮಾನ ಮಾಡಿದರು. ಬೇಡ ಬೇಡ ಅಂದೆ, ಕೇಳಲಿಲ್ಲ. ಪೇಟ ತೊಡಿಸಿದರು. ಅದು ಕಣ್ಣಿನ ಮೇಲೆ ಜಾರುತ್ತಿತ್ತು. "ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಮನೆಯ ದಣಿವನ್ನು ಅಳೆದವರು" ಅಂತ ಅವರಲ್ಲೊಬ್ಬಳು, ದಿವ್ಯಾ, ಮೈಕಿನಲ್ಲಿ ಹೊಗಳಿದಳು. ನಾನು ಮನಸ್ಸಿನಲ್ಲೇ ನಿನ್ನ ಹೆಸರು ಹೇಳಿಕೊಂಡೆ. ಯಾಕೆ ಅಂತ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಋಣವನ್ನು ಒಮ್ಮೆಯಾದರೂ ಅಕ್ಷರದಲ್ಲಿ ಇಡಬೇಕು ಅನ್ನಿಸಿದೆ.

ಪಿಎಚ್‌ಡಿಯ ಮೊದಲ ವರ್ಷ ನೆನಪಿದೆಯಾ? ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರಿಗೆ ಎಷ್ಟು ದಣಿವಾಗುತ್ತದೆ, ಮನಸ್ಸಿನ ಒತ್ತಡ ಮೈಗೆ ಏನು ಮಾಡುತ್ತದೆ ಅಂತ ನನ್ನ ವಿಷಯ. ಊರೂರು ತಿರುಗಿ ಮನೆಯೊಳಗೆ ಕೂತು ಪ್ರಶ್ನೆ ಕೇಳಿದೆ. ಬನವಾಸಿಯಿಂದ ಯಲ್ಲಾಪುರದವರೆಗೆ ಒಂದೇ ಉತ್ತರ. ದಣಿವಾಗುತ್ತದೆಯೇ? ಇಲ್ಲ. ನಿದ್ದೆ ಕೆಡುತ್ತದೆಯೇ? ಇಲ್ಲ. ಬೇಸರ? ಛೆ ಛೆ, ಇಲ್ಲ. ಧಾರವಾಡದಲ್ಲಿ ನನ್ನ ಗೈಡ್ ಶಿವಪುತ್ರಪ್ಪ ಸರ್ ಅದನ್ನು ನೋಡಿ, "ಏನ್ರೀ ನಮಿತಾ, ನಿಮ್ಮ ಕಡೆ ಹೆಣ್ಮಕ್ಕಳಿಗೆ ದಣಿವಽ ಆಗಂಗಿಲ್ಲೇನು? ಹಂಗಿದ್ರ ನಮ್ಮ ಮನೀಯವ್ರನ್ನೂ ಅಲ್ಲೇ ಕಳಸ್ತೀನಿ" ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನನಗೆ ಅಳು ಬಂದಿತ್ತು. ವಿಷಯ ಬದಲಿಸುತ್ತೇನೆ ಅಂತ ಹಟ ಹಿಡಿದಿದ್ದೆ.

ಆಗ ಯಲ್ಲಾಪುರದಲ್ಲಿ ನಾನೊಂದು ಬಾಡಿಗೆ ಕೋಣೆಯಲ್ಲಿದ್ದೆನಲ್ಲ, ಅಲ್ಲಿಗೆ ಕಿರವತ್ತಿಯ ದೇವಿ ಬಂದಳು. ಮಾವನಿಗೆ ಲಕ್ವ ಹೊಡೆದು ಅವಳೇ ನೋಡಿಕೊಳ್ಳುತ್ತಿದ್ದಳು. ಔಷಧಿಗೆ ಬಂದವಳು ಸುಮ್ಮನೆ ಮಾತಾಡಿಸಿ ಹೋಗೋಣ ಅಂತ ಬಂದಿದ್ದಳು. ಮನೆಗೆ ಯಾರೇ ಬಂದರೂ ಹೆಸರು ಕೇಳುವ ಮೊದಲು ಆಸರಿಗೆ ಏನು ಕುಡಿಯುತ್ತೀರಿ ಅಂತ ಕೇಳುವ ಜನ ನಾವು. ಅಭ್ಯಾಸದಂತೆ ನೀರು, ಬೆಲ್ಲ ಕೊಟ್ಟು ಕೂರಿಸಿದೆ. ಲೋಟ ಕೆಳಗಿಟ್ಟವಳೇ, "ಸಾಕಾಗೇತ್ರೀ ಅಕ್ಕಾರ. ಮುದುಕನ್ನ ಎತ್ತಿ ಕೂಡಿಸಿ ಎತ್ತಿ ಕೂಡಿಸಿ ನನ್ನ ಸೊಂಟ ಹೋತ್ರೀ" ಅಂತ ಗೊಳೋ ಅಂದಳು. ಹಿಂದಿನ ವಾರ ಅವಳದೇ ಮನೆಯಲ್ಲಿ, ನನಗೆ ಚಹಾ ಕೊಡುತ್ತಾ, ದಣಿವೇ ಇಲ್ಲ ಅಂದಿದ್ದವಳು!

ಆಗ ತಲೆಗೆ ಹೊಳೆಯಿತು. ನಾನು ಎಲ್ಲ ಕಡೆ ನೆಂಟಳಾಗಿ ಹೋಗಿದ್ದೆ. ಬಂದವರ ಎದುರು ಮನೆಯಾಕೆ ದಣಿದೆ ಅಂದರೆ, ನೀವು ಎದ್ದು ಹೋಗಿ ಅಂದ ಹಾಗೆ. ಯಾರು ಅನ್ನುತ್ತಾರೆ? ನಮ್ಮಲ್ಲಿ ಆಸರಿಗೆ ಕೊಡುವವರು ದಣಿಯುವಂತಿಲ್ಲ. ಕುಡಿಯುವವರಿಗೆ ಮಾತ್ರ ಆ ಹಕ್ಕು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ತಿಳಿಯಲಿಲ್ಲವಲ್ಲ ಅಂತ ನಗು ಬಂತು.

ಮುಂದಿನದು ನಿನ್ನ ಕೆಲಸ. ಎಲ್ಲರನ್ನೂ ನನ್ನ ಕೋಣೆಗೇ ಕರೆಸುತ್ತೇನೆ ಅಂದಾಗ ನೀನು ಸಿದ್ದಾಪುರದ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಚೀಲ ತುಂಬ ಮುರುಗಲು ಹೊತ್ತು ಬಸ್ಸು ಹತ್ತಿದೆ. ಬಂದವರಿಗೆಲ್ಲ ನೀನೇ ಪಾನಕ ಮಾಡಿಕೊಟ್ಟೆ. ಅವರು ಮಾತಾಡುವಾಗ ನೀನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆ ಹೆಂಗಸರು ಹೇಳಿದ್ದರ ಮೇಲೆಯೇ ನನ್ನ ಮೂವತ್ತು ವರ್ಷದ ಕೆಲಸವೆಲ್ಲ ನಿಂತಿದೆ. ಅದನ್ನು ವಿದೇಶದ ಪತ್ರಿಕೆಗೆ ಕಳಿಸಿದಾಗ ಅಲ್ಲಿನ ಪಂಡಿತರೊಬ್ಬರು, ಬೆಲ್ಲದ ಸಿಹಿಯಿಂದ ಶಕ್ತಿ ಬಂದು ಫಲಿತಾಂಶ ಬದಲಾಗಿರಬಹುದಲ್ಲವೇ ಅಂತ ಆಕ್ಷೇಪ ಎತ್ತಿದ್ದರು. ನೀನು ಅದಕ್ಕೆ ಕೊಟ್ಟ ಉತ್ತರವನ್ನು ನಾನು ಅವರಿಗೆ ಬರೆಯಲಿಲ್ಲ. ಬರೆಯುವಂಥದ್ದೂ ಅಲ್ಲ ಅದು.

ಶನಿವಾರ ದೇವಿಯೂ ಬಂದಿದ್ದಳು, ಮೊಮ್ಮಗಳ ಕೈ ಹಿಡಿದುಕೊಂಡು. ಕೂದಲೆಲ್ಲ ಬೆಳ್ಳಗಾಗಿದೆ. ನನ್ನ ಪೇಟ ಸರಿ ಮಾಡುತ್ತಾ, "ಅಕ್ಕಾರ, ನಮಗೆಲ್ಲ ನೀವು ನೀರು ಕೊಟ್ರಿ. ಈಗ ನಿಮಗ ಯಾರು ಕೊಡ್ತಾರ್ರೀ?" ಅಂದಳು. "ಮನೆಯಲ್ಲಿ ನಲ್ಲಿ ಇದೆ ಮಾರಾಯ್ತಿ" ಅಂದೆ. ಇಬ್ಬರೂ ನಕ್ಕೆವು. ನನಗೆ ಏನು ಕಡಿಮೆಯಾಗಿದೆ ಹೇಳು? ನಕ್ಕು ದಾರಿ ತೋರಿಸಿದ ಗುರು, ಬಾಯಿಬಿಟ್ಟು ಹೇಳಿದ ಹೆಂಗಸರು, ಊರೂರು ತಿರುಗುವಾಗ ಒಂದು ದಿನವೂ ಮುಖ ಸಿಂಡರಿಸದೆ ಅನ್ನ ಬಸಿದಿಟ್ಟು ಕಾಯುತ್ತಿದ್ದ ಗಂಡ, ನೀನು. ಎಷ್ಟು ಜನರಿಗೆ ಇಷ್ಟು ಸಿಗುತ್ತದೆ? ಪುಣ್ಯ ಮಾಡಿದ್ದೇನೆ ಅತ್ತಿಗೆ, ಬಾಯಿಮಾತಿಗೆ ಹೇಳುತ್ತಿಲ್ಲ.

ಇನ್ನು ನಿನ್ನ ಪ್ರಶ್ನೆ. ನೀನು ಬರುವುದು ಬೇಡ. ನಿನ್ನ ಮಂಡಿನೋವಿನಲ್ಲಿ ಬಸ್ಸು ಹತ್ತಿ ಇಳಿದು ಯಾಕೆ ಒದ್ದಾಟ. ಇವರನ್ನು ನಾನು ನೋಡಿಕೊಳ್ಳುತ್ತೇನೆ. ಆಗುತ್ತದೆ. ದಣಿವೇನೂ ಇಲ್ಲ.

ಅಣ್ಣನಿಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗಳು ಅಭಿಜ್ಞಾಳಿಗೆ ನಮ್ಮಿಬ್ಬರ ಆಶೀರ್ವಾದ, ಚೆನ್ನಾಗಿ ಓದಲಿ, ಅದಕ್ಕಿಂತ ಚೆನ್ನಾಗಿ ನಿದ್ದೆ ಮಾಡಲಿ.

ನಿನ್ನ ಪ್ರೀತಿಯ,
ನಮಿತಾ

ಮರೆತ ಮಾತು: ಮರೆತದ್ದಲ್ಲ, ಈಗ ನಡೆದದ್ದು. ಇಷ್ಟು ಬರೆದು, ಇವರನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅಂಚೆ ಕವರು ತರಲು ಹೋಗಿದ್ದೆ. ವಾಪಸು ಬಂದು ಚಪ್ಪಲಿ ಬಿಡುತ್ತಿದ್ದೇನೆ, ಇವರು ಕುರ್ಚಿಯಿಂದ ಎದ್ದು ಬಂದರು. "ಬನ್ನಿ ಬನ್ನಿ. ಬಿಸಿಲಲ್ಲಿ ಬಂದ್ರಾ? ಕೂತ್ಕಳಿ. ಆಸರಿಗೆ ಎಂತ ಕೊಡ್ಲಿ?" ಅಂದರು. ತಮಾಷೆ ಅಂದುಕೊಂಡು ನಕ್ಕೆ. ಮುಖ ನೋಡಿದೆ. ಗುರುತಿಲ್ಲದವರ ಹತ್ತಿರ ತೋರಿಸುವ ಮರ್ಯಾದೆ ಇತ್ತು ಅದರಲ್ಲಿ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು, ಬೆಲ್ಲದ ಡಬ್ಬಿಯನ್ನೇ ತಂದು ಮುಂದಿಟ್ಟರು. ನಾನು ಕೂತೆ. ಕುಡಿದೆ. "ರಾಶಿ ದಣಿವಾಜು" ಅಂದೆ. ನನ್ನ ಬಾಯಿಂದಲೇ ಬಂತು ಅತ್ತಿಗೆ. ಇವರು ನನ್ನ ಮುಂದೆ ಕೂತು, "ಆಗ್ದೇ ಇರ್ತಾ? ದೂರ ಬೇರೆ. ಸ್ವಲ್ಪ ಸುಧಾರಿಸ್ಕಳಿ. ನಮ್ಮನೆ ನಮಿತಾ ಇನ್ನೇನು ಈಗ ಬತ್ತು, ಉಂಡ್ಕಂಡೇ ಹೋಗಕ್ಕು" ಅಂದರು.

ಬೇಡ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ನನ್ನ ಬಾಯಿ ಎಂಥದ್ದು ಅಂತ ನಿನಗೂ ಗೊತ್ತಿರಲಿ. ಪತ್ರ ಕೈಸೇರಿದ ದಿನವೇ ಬಸ್ಸು ಹತ್ತು. ನೀನು ಬಂದಾಗ ಈ ಸಲ ನಾನು ಆಸರಿಗೆ ಕೇಳುವುದಿಲ್ಲ. ಒಳಗೆ ಬಂದು, ನನ್ನನ್ನು ಕೂರಿಸಿ, ನೀನೇ ಕೇಳು.