ಒಳಗೆ ಮಡಚಿಟ್ಟ ಬಟ್ಟೆ

ಹದಿನಾಲ್ಕನೇ ತಾರೀಕು, ಗುರುವಾರ
ಕಿಟಕಿ ಪಕ್ಕದ ಮಂಚದಿಂದ

ಸಮಸ್ತ ಭೂಮಂಡಲದ ತಮ್ಮಂದಿರನ್ನು ಕಿವಿಹಿಂಡಿ ಪಾಲಿಸುತ್ತಿರುವ, ಒಂದೇ ಉಸಿರಿನಲ್ಲಿ ಬೈಯಲೂ ಅಳಲೂ ಬಲ್ಲ, ಈ ಮನೆಯ ಬಾಚಣಿಗೆಗೆ ಈಗ ಏಕಮಾತ್ರ ಹಕ್ಕುದಾರಳಾದ ಮಹಾಮಹಿಮ ಅಕ್ಕನವರ ದಿವ್ಯಪಾದಗಳಿಗೆ, ಬೋಳುತಲೆಯ ತಮ್ಮನು ಅಡ್ಡಬಿದ್ದು (ಬಿದ್ದರೆ ಎಬ್ಬಿಸಲು ಇಬ್ಬರು ಬೇಕಾದ್ದರಿಂದ ಮಲಗಿದಲ್ಲಿಂದಲೇ) ಮಾಡಿಕೊಳ್ಳುವ ವಿಜ್ಞಾಪನೆ.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಸೋಮಾರಿತನವಲ್ಲ. ಬೆರಳುಗಳು ಜೋಮು ಹಿಡಿದಿವೆ. ಕೈಯಲ್ಲಿರುವುದು ಪೆನ್ನೋ ಚಮಚವೋ ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಫೋನಿನಲ್ಲಿ ನೀನು "ನಿಜ ಹೇಳೋ ಕೋತಿ" ಅನ್ನುವಾಗ ಅಮ್ಮ ಪಕ್ಕದಲ್ಲೇ ನಿಂತು ನನ್ನ ಬಾಯನ್ನೇ ನೋಡುತ್ತಿರುತ್ತಾಳೆ. ಅದಕ್ಕೇ ಈ ಕಾಗದ.

ಮೊದಲು ಆಸ್ಥಾನದ ವಾರ್ತೆ. ಕರುಳಿನಲ್ಲಿ ಹುಟ್ಟಿ ಲಿವರಿಗೆ ದಯಮಾಡಿಸಿದ್ದ ಕ್ಯಾನ್ಸರ್ ಮಹಾಶಯರು ಈಗ ಶ್ವಾಸಕೋಶದಲ್ಲೂ ಬಿಡಾರ ಹೂಡಿದ್ದಾರೆ. ಬಾಡಿಗೆ ಕೊಡುವವರಲ್ಲ, ಬಿಟ್ಟು ಹೋಗುವವರೂ ಅಲ್ಲ. ಮಂಗಳವಾರ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಈಗ ಕೊಡುತ್ತಿರುವ ಔಷಧಿ ಸೋತಿತು, ಬದಲಾಯಿಸಬೇಕು ಎಂದರು. ಇಲ್ಲವೇ ಎಲ್ಲ ನಿಲ್ಲಿಸಿ, ನೋವಿಗೆ ಮಾತ್ರ ಔಷಧಿ ತೆಗೆದುಕೊಂಡು ಮನೆಯಲ್ಲಿರಬಹುದು. ಹೊಸದು ಹಳೆಯದಕ್ಕಿಂತ ಕಠಿಣವಂತೆ.

"ಅದ್ರಿಂದ ಗುಣ ಆಗುತ್ತಾ?" ಅಂದೆ.

"ಗುಣ ಅನ್ನೋ ಮಾತು ಬೇಡಪ್ಪ. ಸ್ವಲ್ಪ ಕಾಲ ತಡೀಬಹುದು. ಅದೂ ಕೆಲವರಿಗೆ."

ಎಷ್ಟು ಕಾಲ, ಎಷ್ಟು ಜನರಿಗೆ ಅಂತ ನಾನು ಕೇಳಲಿಲ್ಲ. ಯಾರಾದರೂ ಸೀನಿದರೂ ಯಾಕೆ ಅಂತ ಕೇಳುವವನು ನಾನು. ಯೋಚನೆ ಮಾಡಿ ಹೇಳಿ ಎಂದರು. ಎದ್ದು ಬಂದೆ. ನನ್ನ ಮೊಣಕೈ ಹಿಡಿದು ಅವರೇ ಹೊರಗಿನವರೆಗೆ ಬಿಟ್ಟರು. ಬೆಂಚಿನ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತ. ಮೆಟ್ಟಿಲು ಇಳಿಯುವಾಗ, "ಅಷ್ಟು ದೊಡ್ಡ ಡಾಕ್ಟ್ರು, ಕೋಟಲ್ಲಿ ಒಂದು ಗುಂಡಿ ಇಲ್ಲ ನೋಡು. ಬಿಚ್ಚಿ ಕೊಟ್ರೆ ಕೂತಲ್ಲೇ ಹಾಕ್ಕೊಡ್ತಿದ್ದೆ" ಅಂದ. ದರ್ಜಿಯ ದುಃಖ ಗುಂಡಿಯಷ್ಟೇ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕು.

ಏಕೆಂದರೆ, ಅಕ್ಕ, ಗಿರಾಕಿಗಳ ಪ್ಯಾಂಟಿನ ಜೇಬನ್ನು ಹೊಲಿದು ಮುಚ್ಚಿ ಅಂಗಡಿಯ ಮಾನ ಕಳೆದ ಈ ಮಹಾಪುರುಷನನ್ನೇ ಆ ಮುಗ್ಧ ಮನುಷ್ಯ ಇಷ್ಟು ದಿನ ಏಮಾರಿಸಿದ್ದಾನೆ. ಆಸ್ಪತ್ರೆಯಲ್ಲಿ ಪ್ರತಿ ಸಲವೂ ತೂಕ ಇಳಿದಿದೆ ಅನ್ನುವರು. ನನ್ನ ಅಂಗಿಗಳೋ, ಮೈಗೆ ಹೇಳಿ ಮಾಡಿಸಿದಂತಿವೆ. "ಸಿಸ್ಟರ್, ಕಾಯಿಲೆ ನಿಮ್ಮ ತೂಕದ ಯಂತ್ರಕ್ಕೆ, ನನ್ನ ಅಂಗಿ ನೋಡಿ" ಅಂತ ನಾನು ವಾದಿಸುತ್ತಿದ್ದೆ. ನರ್ಸಮ್ಮ ನಗುತ್ತಿದ್ದರು. ಅಪ್ಪ ಗೋಡೆ ನೋಡುತ್ತಿದ್ದ.

ನಿನ್ನೆ ಪಕ್ಕೆಯಲ್ಲಿ ಏನೋ ಒತ್ತಿದಂತಾಗಿ ಅಂಗಿ ತೆಗೆದು ಒಳಮೈ ತಿರುಗಿಸಿದೆ. ಒಂದರ ಒಳಗೊಂದು ಮೂರು ಸಾಲು ಹೊಲಿಗೆ. ನಾನು ಮಧ್ಯಾಹ್ನ ಮಲಗಿದಾಗ ಅಪ್ಪ ಅಂಗಿಗಳನ್ನು ಅಂಗಡಿಗೆ ಒಯ್ದು, ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದು, ಇಸ್ತ್ರಿ ಮಾಡಿ, ಗೂಟಕ್ಕೆ ಮೊದಲಿನಂತೆ ನೇತುಹಾಕುತ್ತಿದ್ದಾನೆ. ಅದಲ್ಲ ನನ್ನನ್ನು ಕೊಂದದ್ದು. ಅಂಗಿ ಚಿಕ್ಕದು ಮಾಡಿದರೆ ಮಿಕ್ಕ ಬಟ್ಟೆ ಕತ್ತರಿಸಿ ಎಸೆಯಬೇಕು, ಇಲ್ಲದಿದ್ದರೆ ಒತ್ತುತ್ತದೆ. ಅಂಗಡಿಯಲ್ಲಿ ನಮಗಿಬ್ಬರಿಗೂ ಬೈದು ಕಲಿಸಿದವನು ಅವನೇ. ನನ್ನ ಅಂಗಿಯಲ್ಲಿ ಅವನು ಒಂದು ಎಳೆಯನ್ನೂ ಕತ್ತರಿಸಿಲ್ಲ. ಅಷ್ಟನ್ನೂ ಒಳಗೆ ಮಡಚಿಟ್ಟಿದ್ದಾನೆ, ಮೈ ತುಂಬಿಕೊಂಡ ದಿನ ಬಿಚ್ಚಲಿಕ್ಕೆ.

ಅಮ್ಮನಿಗೆ ತೋರಿಸಿದೆ. ಅವಳು ಅಂಗಿ ಕಸಿದುಕೊಂಡು ಸರಿಮಾಡಿ ನನಗೆ ತೊಡಿಸಿದಳು. "ಗೊತ್ತಿಲ್ದೋನ ಹಾಗೆ ಇರು. ಅವ್ರ ಕೈಗೆ ಅದೊಂದೇ ಕೆಲ್ಸ ಉಳಿದಿರೋದು" ಅಂದಳು.

ಆದ್ದರಿಂದ ಈ ಮೂಲಕ ಸಕಲರಿಗೂ ಸಾರುವುದೇನೆಂದರೆ, ಹೊಸ ಔಷಧಿ ಬೇಡ. ನಾಲ್ಕನೇ ಸಾಲು ಹೊಲಿಗೆ ನನಗೆ ಬೇಡ. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ತುಕ್ಕಿನ ರುಚಿ. ವಾಂತಿಯ ಪಾತ್ರೆ ಎತ್ತಿಕೊಂಡು ಹೋಗುವ ಅಮ್ಮ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಾಳೆ. ನಲ್ಲಿಯ ಸದ್ದು ಯಾವುದು, ಅವಳದು ಯಾವುದು ಅಂತ ನನಗೆ ತಿಳಿಯದೆಂದು ಅವಳ ನಂಬಿಕೆ. ಇನ್ನು ಕಠಿಣವಾದದ್ದನ್ನು ಈ ಮೂವರಲ್ಲಿ ಯಾರ ಮೈ ತಡೆದೀತು? ಅಪ್ಪ ಅಮ್ಮನಿಗೆ ಹೇಳಲು ನನ್ನಿಂದಾಗದು. ನೀನು ಬಂದು ಹೇಳು. ನಿನ್ನ ಮಾತಾದರೆ ಅಪ್ಪ ತಲೆ ತಗ್ಗಿಸಿ ಕೇಳುತ್ತಾನೆ.

ಚಿಕ್ಕವನಾದರೂ ಮೊದಲು ಹೊರಟವನಿಗೆ ಹಿರಿತನ ತಾನೇ? ಆ ಅಧಿಕಾರದಿಂದ ಹರಸುತ್ತೇನೆ: ನಿನ್ನ ಸೊಂಟನೋವು ಮಾಯವಾಗಲಿ, ಭಾವನ ಗೊರಕೆ ಅಡಗಲಿ, ಪುಟ್ಟಿಗೆ ಮುಂದಿನ ಹಲ್ಲು ಬೇಗ ಬರಲಿ, ಬಂದ ಹಲ್ಲಿನಿಂದ ಅವಳು ಮೊದಲು ನಿನ್ನನ್ನೇ ಕಚ್ಚಲಿ.

ಇಂತಿ,
ನಿಶ್ಚಿಂತನೂ ನಿರ್ಭಯನೂ ಸಕಲ ಆಸೆಗಳನ್ನು ಗೆದ್ದವನೂ ಆದ
ಕೋತಿ

ಬರೆಯದೆ ಬಿಟ್ಟದ್ದು: ಎದ್ದು ಬಂದೆ ಅಂತ ಬರೆದೆನಲ್ಲ, ಬಾಗಿಲವರೆಗೆ ಮಾತ್ರ ಬಂದಿದ್ದೆ. ತಿರುಗಿ ಹೋಗಿ ಡಾಕ್ಟರ ಕೋಟು ಹಿಡಿದುಕೊಂಡು, "ಹೊಸದೇ ಕೊಡಿ, ಏನಾದ್ರೂ ಆಗ್ಲಿ, ಇವತ್ತೇ ಶುರು ಮಾಡಿ" ಅಂದೆ. ಅವರು ಆಗಲಿ ಎಂದ ಮೇಲೂ ನಾನು ಬಿಡಲಿಲ್ಲ, ಅವರೇ ಬಿಡಿಸಿಕೊಳ್ಳಬೇಕಾಯಿತು. ಹೊಸದು ಸೋಮವಾರಕ್ಕೆ ನಿಗದಿಯಾಗಿದೆ. ಮೇಲಿನದನ್ನೆಲ್ಲ ಹರಿದುಹಾಕಿ ಬೇರೆ ಬರೆಯೋಣವೆಂದರೆ ಬೆರಳು ಕೇಳುವುದಿಲ್ಲ. ಆಗ ಕೈಗೆ ಕಿತ್ತುಬಂದ ಕೋಟಿನ ಗುಂಡಿ ನನ್ನ ದಿಂಬಿನ ಕೆಳಗಿದೆ. ನೀನು ಬರುವಾಗ ಸ್ವಲ್ಪ ಬಿಳಿ ದಾರ ತಾ. ಅಪ್ಪನನ್ನು ಕೇಳಿದರೆ ಯಾಕೆ ಅನ್ನುತ್ತಾನೆ.